ಬಸವಣ್ಣನ ಬೆನ್ನ ಹಿಂದಿನ ಪ್ರಭಾವಳಿ

ಸಿಂಧನೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಅಲ್ಲಿನ ಡ್ರೆಸ್ಸಿಂಗ್ ರೂಮು ನನ್ನದು. ನನ್ನದು ಎಂದು ಯಾರೂ ಬರೆದುಕೊಟ್ಟಿಲ್ಲ. ವರ್ಷಗಟ್ಟಲೆ ಅಲ್ಲೇ ನಿಂತು, ಗಾಯ ತೊಳೆದು, ಹೊಲಿಗೆ ಬಿಚ್ಚಿ, ಬಂದವರನ್ನೆಲ್ಲ ಬೈದು ಬೈದು ನನ್ನದು ಮಾಡಿಕೊಂಡಿದ್ದೇನೆ. ನಾನು ಬೈಯುತ್ತಿರುವಾಗ ಡಾಕ್ಟರು ಕೂಡ ಒಳಗೆ ಬರುವುದಿಲ್ಲ, ಮುಗಿಯಲಿ ಎಂದು ಹೊರಗೇ ನಿಲ್ಲುತ್ತಾರೆ. ಮನೆ ಮಸ್ಕಿಯಲ್ಲಿ. ಬೆಳಗ್ಗೆ ಬಸ್ಸು ಹತ್ತಿ ಸಿಂಧನೂರಿಗೆ ಹೋಗುವುದು, ಸಂಜೆ ಬಸ್ಸು ಹತ್ತಿ ಮನೆಗೆ ಬರುವುದು, ಎರಡೂ ಹೊತ್ತು ಕಿಟಕಿ ಸೀಟಿಗಾಗಿ ಜಗಳ ಆಡುವುದು, ಇದು ನನ್ನ ದಿನಚರಿ.

ನನ್ನ ಗಂಡ ಸೆಂಟ್ರಿಂಗ್ ಮೇಸ್ತ್ರಿ. ಮನೆಗೆ ಛತ್ತು ಹಾಕುವ ಮುಂಚೆ ಕೆಳಗಿನಿಂದ ಕಂಬ ಕೊಟ್ಟು, ಮೇಲೆ ಹಲಗೆ ಹಾಸಿ, ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ಅಚ್ಚು ಕಟ್ಟುತ್ತಾರಲ್ಲ, ಆ ಕೆಲಸ. ನಮ್ಮ ಕಡೆ ಈಗ ಅದಕ್ಕೆ ಬಿಡುವೇ ಇಲ್ಲ. ಭತ್ತ ಚೆನ್ನಾಗಿ ಬಂದವರು ಮಹಡಿ ಏರಿಸುತ್ತಾರೆ, ನೌಕರಿ ಸಿಕ್ಕವರು ಪ್ಲಾಟಿನಲ್ಲಿ ಪಾಯ ತೋಡಿಸುತ್ತಾರೆ. ಇವತ್ತು ಲಿಂಗಸುಗೂರು, ನಾಳೆ ದಢೇಸುಗೂರು, ನಾಡಿದ್ದು ಆರ್.ಎಚ್. ಕ್ಯಾಂಪು ಎಂದು ಅವರು ಬೈಕಿನ ಹಿಂದೆ ಒಂದು ಗೋಣಿಚೀಲ ಕಟ್ಟಿಕೊಂಡು ತಿರುಗುತ್ತಾರೆ. ಆ ಚೀಲದಲ್ಲಿ ಹಲಗೆ ಕೊಯ್ಯುವ ಕರೆಂಟಿನ ಮಷಿನ್ನು ಇರುತ್ತದೆ.

ಆ ಮಷಿನ್ನಿನ ಬಗ್ಗೆ ನನಗೆ ಗಂಡನ ಬಾಯಿಂದ ಗೊತ್ತಾದದ್ದು ಕಡಿಮೆ, ರೋಗಿಗಳ ಗಾಯದಿಂದ ಗೊತ್ತಾದದ್ದು ಹೆಚ್ಚು. ಕೆಲಸದವರು ಅದನ್ನು ಹೇಳುವುದೇ ಒಂದು ರೀತಿ: "ಮಷಿನ್ ಒದೀತ್ರಿ." ಎಮ್ಮೆ ಒದೆಯಿತು ಎನ್ನುವ ಹಾಗೆಯೇ. ನಿಜಕ್ಕೂ ಒದೆಯುತ್ತದೆ. ಕೊಯ್ಯುವಾಗ ಹಲಗೆ ನಡುವೆ ಬಗ್ಗಿದರೆ ಸೀಳಿದ ಸಂದು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಬ್ಲೇಡು ತಿರುಗಲಾರದೆ ಇಡೀ ಮಷಿನ್ನನ್ನೇ ಎತ್ತಿ ಹಿಡಿದವನ ಕಡೆಗೆ ಎಸೆಯುತ್ತದೆ. ಎಸೆದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಎಡಗೈ, ಇಲ್ಲವೇ ತೊಡೆ. ಹೆಚ್ಚಾಗಿ ಈ ಎರಡರಲ್ಲಿ ಒಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬರುತ್ತಾರೆ.

ಬಂದ ಕೂಡಲೇ ನಾನು ಕೇಳುವ ಮೊದಲ ಮಾತು ಒಂದೇ. "ಮುಚ್ಚಳ ಎಲ್ಲೈತಿ?"

ಏಕೆಂದರೆ ಆ ಮಷಿನ್ನಿಗೆ ಬ್ಲೇಡಿನ ಕೆಳಗೆ ಒಂದು ಅರ್ಧಚಂದ್ರದ ಮುಚ್ಚಳ ಇರುತ್ತದೆ. ಕೊಯ್ಯುವಾಗ ತಾನೇ ಹಿಂದಕ್ಕೆ ಸರಿದು, ಮರ ಬಿಟ್ಟ ಕೂಡಲೇ ಸ್ಪ್ರಿಂಗಿನ ಬಲದಿಂದ ಟಕ್ ಎಂದು ಮುಂದೆ ಬಂದು ಹಲ್ಲನ್ನು ಮುಚ್ಚಿಬಿಡುತ್ತದೆ. ಇದನ್ನು ಹೊಸ ಮಷಿನ್ನು ತಂದ ದಿನವೇ ಬಿಚ್ಚಿ ಒಗೆಯುವುದು ನಮ್ಮ ಕಡೆಯ ಮೇಸ್ತ್ರಿಗಳ ಪದ್ಧತಿ. ಗೆರೆ ಕಾಣುವುದಿಲ್ಲವಂತೆ, ಅಡ್ಡ ಬರುತ್ತದಂತೆ, ಕೆಲಸ ಜಲ್ದಿ ಸಾಗುವುದಿಲ್ಲವಂತೆ. ನನ್ನ ಪ್ರಶ್ನೆಗೆ ಬಂದ ಉತ್ತರಗಳನ್ನು ಕೇಳಿದ್ದರೆ ನೀವೂ ಬೈಯುತ್ತಿದ್ದಿರಿ. ಒಬ್ಬ ಅದರಲ್ಲಿ ಕೋಳಿಗೆ ನೀರಿಟ್ಟಿದ್ದ. ಇನ್ನೊಬ್ಬನ ಮನೆಯಲ್ಲಿ ಅದು ಬಚ್ಚಲ ಮೋರಿಗೆ ಅಡ್ಡಲಾಗಿ ಇಲಿ ಬಾರದಂತೆ ಕಾವಲಿತ್ತು. "ಇಲಿಗೆ ಕಾವಲು ಇಟ್ಟಿ, ಕೈಗೆ ಇಡಲಿಲ್ಲೇನಪಾ" ಎಂದು ನಾನು ಕೇಳಿದ್ದಕ್ಕೆ ಅವನು ಹಲ್ಲು ಕಿರಿದು, ಸೂಜಿ ಚುಚ್ಚಿದ ಮೇಲೆ ಸುಮ್ಮನಾದ.

ಗಂಡನನ್ನೂ ಎಷ್ಟೋ ಸಲ ಕೇಳಿದ್ದೆ. "ನಿಮ್ಮ ಮಷಿನ್ನಿಗೆ ಮುಚ್ಚಳ ಐತೇನ್ರೀ?" ಅವರು ರೊಟ್ಟಿ ಮುರಿಯುತ್ತಾ "ಐತಿ ತಗೋ" ಎನ್ನುತ್ತಿದ್ದರು. ಸುಳ್ಳಲ್ಲ. ಇತ್ತು. ಎಲ್ಲಿತ್ತು ಎಂದು ನಾನು ಕೇಳಿರಲಿಲ್ಲ.

ಈಗ ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಅತ್ತೆಯ ತವರು ಮುದಗಲ್ಲು. ಮದುವೆಯಾಗಿ ಬರುವಾಗ ಒಂದು ಹಿತ್ತಾಳೆಯ ಬಸವಣ್ಣನನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವರು. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಬಸವಣ್ಣ, ಮಲಗಿದ ಎತ್ತಿನ ರೂಪದಲ್ಲಿ, ಕಿವಿ ಒಂದು ಸವೆದು ಹೋಗಿದೆ. ದೇವರ ಜಗಲಿಯ ಮೇಲೆ ಅವನದೇ ಕಾರಭಾರ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅವನ ಮುಂದೆ ಕೂತು ಮಾತಾಡದೆ ಅತ್ತೆ ಚಹಾ ಕೂಡ ಕುಡಿಯುವುದಿಲ್ಲ. ಮಾತು ಎಂದರೆ ಮಂತ್ರವಲ್ಲ. ನಿನ್ನೆ ಹಾಲಿನವನು ನೀರು ಹಾಕಿದ್ದು, ಸೊಸೆ ಬಸ್ಸಿಗೆ ಓಡುವಾಗ ಬುತ್ತಿ ಮರೆತದ್ದು, ಎಲ್ಲವನ್ನೂ ಹೇಳುತ್ತಾರೆ. ನನ್ನ ಮೇಲಿನ ದೂರುಗಳನ್ನು ನಾನು ಕೇಳಿಸಿಕೊಳ್ಳುವುದು ಹೆಚ್ಚಾಗಿ ಆ ದಾರಿಯಿಂದಲೇ.

ಆ ಬಸವಣ್ಣನ ಬೆನ್ನ ಹಿಂದೆ ಒಂದು ಪ್ರಭಾವಳಿ ಇತ್ತು. ದೇವರ ಹಿಂದೆ ಕಮಾನಿನಂತೆ ನಿಲ್ಲಿಸುತ್ತಾರಲ್ಲ, ಹಾಗೆ. ಬೆಳ್ಳಗೆ ಹೊಳೆಯುವ ಅರ್ಧಚಂದ್ರ, ಅಂಚಿಗೆ ದಪ್ಪ ಕಟ್ಟು, ನಡುವೆ ದುಂಡಗೆ ಖಾಲಿ ಜಾಗ. ಆ ಖಾಲಿ ಜಾಗಕ್ಕೆ ಬಸವಣ್ಣನ ತಲೆ ಸರಿಯಾಗಿ ಕೂರುತ್ತಿತ್ತು. ಒಂದು ಪಕ್ಕಕ್ಕೆ ಚಿಕ್ಕ ಕೊಕ್ಕೆಯಂಥ ಹಿಡಿಕೆ. ಅತ್ತೆ ಅದಕ್ಕೆ ದಿನಾ ಒಂದು ಚೆಂಡುಹೂವು ಸಿಗಿಸುತ್ತಿದ್ದರು. ಕೆಲವು ವರ್ಷದ ಹಿಂದೆ ಮಗ ಒಂದು ಸಂಜೆ ತಂದುಕೊಟ್ಟದ್ದು. ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು: "ನನ್ನ ಮಗ ಲಿಂಗಸುಗೂರಾಗ ಹೇಳಿ ಮಾಡಿಸ್ಯಾನ. ಬಸವಣ್ಣನ ಅಳತಿಗೆ ಬರೋಬರಿ." ಓಣಿಯ ಹೆಂಗಸರು ಬಂದು ನೋಡಿ, ತಮ್ಮ ಗಂಡುಮಕ್ಕಳು ಒಂದು ಕುಂಕುಮದ ಬಟ್ಟಲನ್ನೂ ತಂದುಕೊಟ್ಟಿಲ್ಲವೆಂದು ಹೊಟ್ಟೆಕಿಚ್ಚು ಪಟ್ಟು ಹೋಗಿದ್ದರು. ಸೋಮವಾರ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ನನ್ನದಾಗಿತ್ತು. ನಾನೂ ತಿಕ್ಕುತ್ತಿದ್ದೆ.

ಒಂದು ಮಧ್ಯಾಹ್ನ ಡ್ರೆಸ್ಸಿಂಗ್ ರೂಮಿಗೆ ಒಬ್ಬ ಬಡಿಗೇರ ಬಂದ. ಹೊಸ ಮನೆಗೆ ಬಾಗಿಲು ಕೂರಿಸುವವನು. ಹೆಬ್ಬೆರಳ ಬುಡದಲ್ಲಿ ಗಾಯ, ಆಳವಿಲ್ಲ. ಅವನ ಜೊತೆ ಬಂದವನ ಹೆಗಲ ಮೇಲೆ ಮಷಿನ್ನೂ ಇತ್ತು, ಬಿಟ್ಟು ಬಂದರೆ ಯಾರಾದರೂ ಹೊಡೆದುಕೊಂಡು ಹೋಗುತ್ತಾರೆಂದು. ನಾನು ಎಂದಿನಂತೆ ಕೇಳಿದೆ.

"ಮುಚ್ಚಳ ಎಲ್ಲೈತಿ?"

"ಐತ್ರಿ ಸಿಸ್ಟರ್," ಎಂದ ಬಡಿಗೇರ, ಹೆಮ್ಮೆಯಿಂದ. "ನಾ ಒಗದಿಲ್ರಿ. ಮಷಿನ್ ಮಾರಬೇಕಾದ್ರ ಕೇಳ್ತಾರಂತ ಜ್ವಾಪಾನ ಮಾಡೀನಿ." ಜೊತೆಗಿದ್ದವನಿಗೆ ಸನ್ನೆ ಮಾಡಿದ. ಅವನು ಬುತ್ತಿಯ ಚೀಲದಿಂದ, ಇನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದು ನನ್ನ ಟ್ರೇ ಪಕ್ಕ ಇಟ್ಟ.

ಬೆಳ್ಳಗಿನ ಅರ್ಧಚಂದ್ರ. ಅಂಚಿಗೆ ದಪ್ಪ ಕಟ್ಟು. ನಡುವೆ ದುಂಡಗೆ ಖಾಲಿ. ಪಕ್ಕಕ್ಕೆ ಕೊಕ್ಕೆಯಂಥ ಹಿಡಿಕೆ, ಚೆಂಡುಹೂವು ಒಂದಿಲ್ಲ, ಅಷ್ಟೇ.

ನಾನು ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತೆನೋ. ಬಡಿಗೇರ ಹೆದರಿಬಿಟ್ಟ. "ಬೈರಿ ಸಿಸ್ಟರ್, ಸುಮ್ನ ನಿಲ್ಲಬ್ಯಾಡ್ರಿ," ಎಂದ. ಊರಿನವರನ್ನೆಲ್ಲ ಮುಚ್ಚಳ ಎಲ್ಲಿ ಎಂದು ಗದರಿಸುವವಳು ನಾನು, ಪ್ರತಿ ಸೋಮವಾರ ನನ್ನ ಗಂಡನ ಮುಚ್ಚಳವನ್ನು ನಾನೇ ತಿಕ್ಕಿ ತಿಕ್ಕಿ ಹೊಳಪು ಕೊಡುತ್ತಿದ್ದೆ. ಅವತ್ತು ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿ ಇತ್ತು, ನಾನು ನಿಂತೇ ಬಂದೆ.

ಗಂಡ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು. ಮಗ್ಗನ್ನು ಕಸಿದುಕೊಂಡು ಕೇಳಿದೆ. ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನುಂಗಿದರು.

"ಮಷಿನ್ ತಂದ ದಿನ ಬಿಚ್ಚಿದ್ದೆ. ಛಲೋ ಹೊಳೀತಿತ್ತು, ಒಗಿಯಾಕ ಮನಸು ಬರ್ಲಿಲ್ಲ. ಬಸವಣ್ಣನ ಹಿಂದ ಇಟ್ಟು ನೋಡಿದೆ, ಭಾಳ ಚಂದ ಕಂಡಿತು. ದೇವರಿಗೆ ತಂದೀನಿ ಬೇ ಅಂದೆ. ಮಾಡಿಸ್ಯಾನ ಅಂತ ಅಕಿನ ಓಣಿ ತುಂಬ ಸಾರಿದಳು. ನಾ ಏನು ಮಾಡ್ಲಿ?"

"ಈಗ ಹೋಗಿ ತಗೊಂಡು ಬರ್ರಿ."

"ಲೇ, ಯವ್ವನ ಮಾರಿ ನೋಡಿಯೇನು ನೀ, ಅದಕ್ಕ ಹೂವು ಏರಿಸುವಾಗ? ಹೊಸಾ ಮುಚ್ಚಳ ತರಿಸ್ತೀನಿ. ಇದರ ಸುದ್ದಿ ತಗೀಬ್ಯಾಡ."

ತರಿಸಲು ಹೋದರು ಕೂಡ, ಆ ಮಾತು ಸುಳ್ಳಲ್ಲ. ಸಿಂಧನೂರಿನ ಅಂಗಡಿಯವನು ಬ್ಲೇಡು ಬೇಕಾದರೆ ಎಷ್ಟಾದರೂ ಇವೆ, ಮುಚ್ಚಳ ಕೇಳಿಕೊಂಡು ಬಂದವರಲ್ಲಿ ನೀವೇ ಮೊದಲಿಗರು ಎಂದು ಅಚ್ಚರಿಪಟ್ಟನಂತೆ. ಹಳೆಯ ಮಾಡೆಲ್ಲು, ಬರುವುದು ನಿಂತಿದೆ. ಲಿಂಗಸುಗೂರಿನಲ್ಲಿ ಸ್ಪ್ರಿಂಗು ಸಿಕ್ಕಿತು, ಮುಚ್ಚಳ ಇಲ್ಲ. ಸ್ಪ್ರಿಂಗನ್ನು ಜೇಬಿನಲ್ಲಿ ಇಟ್ಟುಕೊಂಡು ಗಂಡ, ಮುಚ್ಚಳವನ್ನು ಬೆನ್ನಿಗಿಟ್ಟುಕೊಂಡು ಬಸವಣ್ಣ, ನಡುವೆ ಬಾಯಿ ಮುಚ್ಚಿಕೊಂಡು ನಾನು. ನನ್ನ ಬಾಯಿಗೆ ಅದು ಹೊಸ ಅನುಭವ. ಹಲಗೆ ಕೊಯ್ಯುವ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಆಸ್ಪತ್ರೆಯ ಮುಂದೆ ಆಟೋ ನಿಂತ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬರುವುದು ಅಭ್ಯಾಸವಾಯಿತು. ಬೇರೆಯವರ ಗಾಯ ನೋಡಿ ಹೆದರದ ನನಗೆ ನನ್ನ ಗಂಡನ ಕೈಗಳ ಮೇಲೆ ಅಷ್ಟು ಆಸೆ ಇದೆಯೆಂದು ಆಗಲೇ ಗೊತ್ತಾದದ್ದು. ಹೆಬ್ಬೆರಳಿನ ಉಗುರು ಸುತ್ತಿಗೆ ಬಿದ್ದು ಕಪ್ಪಾದ, ಒರಟಾದ, ರೊಟ್ಟಿಯನ್ನು ಮಾತ್ರ ಮೆತ್ತಗೆ ಮುರಿಯುವ ಕೈಗಳು.

ಆಮೇಲೆ ಟವೆಲ್ಲಿನ ದಿನ ಬಂತು.

ಆಟೋ ನಿಂತಿತು. ನಾನು ಬಾಗಿಲಿಗೆ ಬಂದೆ. ಇಬ್ಬರು ಹಿಡಿದುಕೊಂಡು ಒಬ್ಬನನ್ನು ಇಳಿಸುತ್ತಿದ್ದರು. ಮುಖ ಕಾಣಲಿಲ್ಲ. ಕಂಡದ್ದು ಕೈಗೆ ಸುತ್ತಿದ್ದ ಟವೆಲ್ಲು. ಹಳದಿ ಚೌಕಳಿ, ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು. ಅದನ್ನು ಸುಟ್ಟವಳು ನಾನೇ. ಬೆಳಗ್ಗೆ ಗಂಡನ ಹೆಗಲಿಗೆ ಹಾಕಿ ಕಳಿಸಿದ್ದ ಟವೆಲ್ಲು.

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಗ ಆ ಟವೆಲ್ಲಿನ ಹಿಂದಿನಿಂದ ಒಂದು ದನಿ ಬಂತು.

"ಅಕ್ಕಾರ, ಮೇಸ್ತ್ರಿಗೆ ಏನೂ ಆಗಿಲ್ರಿ. ನೀವು ಮೊದ್ಲ ಕುಂದ್ರಿ."

ನನ್ನ ಗಂಡನ ಜೊತೆ ಎಷ್ಟೋ ವರ್ಷದಿಂದ ಕೆಲಸ ಮಾಡುವ ಆರ್.ಎಚ್. ಕ್ಯಾಂಪಿನ ಆಳು. ಆ ಕ್ಯಾಂಪು ಬಂಗಾಲಿ ನಿರಾಶ್ರಿತರು ಬಂದು ನೆಲೆಸಿದ ಊರು. ಇವನ ಮನೆಮಾತು ಬಂಗಾಲಿ, ಕನ್ನಡದಲ್ಲಿ ನಮ್ಮೆಲ್ಲರಿಗಿಂತ ಜೋರು. ಗಾಯವಾದದ್ದು ಅವನಿಗೆ, ಸ್ಟೂಲು ಎಳೆದು ಕೂರಿಸಿದ್ದು ನನ್ನನ್ನು. ಗಂಡ ಹಿಂದಿನಿಂದ ಬೈಕಿನಲ್ಲಿ ಬಂದು ಹೊರಗೆ ನಿಂತಿದ್ದರು, ಒಳಗೆ ಬರುವ ಧೈರ್ಯವಿರಲಿಲ್ಲ.

ಎರಡು ಬೆರಳು ಸೀಳಿತ್ತು, ಮೂಳೆ ಉಳಿದಿತ್ತು. ಡಾಕ್ಟರು ಹೊಲಿಗೆ ಹಾಕಿದರು, ನಾನು ಬ್ಯಾಂಡೇಜು ಸುತ್ತಿದೆ. "ಮಷಿನ್ ಯಾರದು?" ಎಂದು ಕೇಳಿದೆ.

"ಮೇಸ್ತ್ರಿದುರೀ. ಹಲಗಿ ಬಗ್ಗಿತು, ಒದೀತು. ನೀವು ಮುಚ್ಚಳ ಎಲ್ಲೈತಿ ಅಂತ ಕೇಳ್ತೀರಿ ಅಂತ ಆಟೋದಾಗ ಅನಕೋತನ ಬಂದೆ. ನಂಗ ಗೊತ್ತಿಲ್ರಿ. ಮೇಸ್ತ್ರಿನ್ನ ಕೇಳ್ರಿ."

ಮೇಸ್ತ್ರಿಯನ್ನು ಕೇಳುವ ಅಗತ್ಯವಿರಲಿಲ್ಲ. ಆ ಬೆರಳುಗಳು ಮತ್ತೆ ಮಡಿಸಲು ಬರುತ್ತವೆ ಎಂದು ಡಾಕ್ಟರು ಹೇಳಿದ ಮೇಲೆಯೇ ನಾನು ಸರಿಯಾಗಿ ಉಸಿರಾಡಿದ್ದು.

ಅವತ್ತು ಸಂಜೆ ಅತ್ತೆ ದೀಪ ಹಚ್ಚಲು ಕೂತಿದ್ದರು. ನಾನು ಕಾಲು ತೊಳೆದು ಬಂದು ಅವರ ಪಕ್ಕ ಕೂತೆ. ಎಂದೂ ಕೂರದವಳು ಕೂತದ್ದಕ್ಕೆ ಅವರು ಓರೆಗಣ್ಣಲ್ಲಿ ನೋಡಿದರು.

"ಅತ್ತೀ, ಒಂದು ಮಾತ್ರೀ. ಇದು ಪ್ರಭಾವಳಿ ಅಲ್ಲ. ನಿಮ್ಮ ಮಗನ ಮಷಿನ್ನಿನ ಮುಚ್ಚಳ. ಬ್ಲೇಡು ಕೈಗೆ ಬರಲಾರದಂಗ ತಡಿಯೋದು."

ಎಲ್ಲವನ್ನೂ ಹೇಳಿದೆ. ಕ್ಯಾಂಪಿನವನ ಬೆರಳು, ಟವೆಲ್ಲು, ನಾನು ಬಾಗಿಲ ಚೌಕಟ್ಟು ಹಿಡಿದು ನಿಂತದ್ದು, ಎಲ್ಲ. ಅತ್ತೆಯ ಕೈಯಲ್ಲಿ ಬತ್ತಿ ಹಾಗೇ ಇತ್ತು. ಸಿಟ್ಟಾಗುತ್ತಾರೆ, ಅಳುತ್ತಾರೆ, ಮಗ ಮೋಸ ಮಾಡಿದ ಎಂದು ಊಟ ಬಿಡುತ್ತಾರೆ ಎಂದೆಲ್ಲ ನಾನು ಲೆಕ್ಕ ಹಾಕಿದ್ದೆ. ಅವರು ಕೇಳಿದ್ದು ಒಂದೇ.

"ಇದು ಇದ್ದಿದ್ರ ಆ ಕ್ಯಾಂಪಿನವನ ಕೈ ಉಳಿತಿತ್ತೇನು?"

"ಉಳಿತಿತ್ರೀ."

ಅತ್ತೆ ಬಸವಣ್ಣನ ಕಡೆ ತಿರುಗಿದರು. "ಯಪ್ಪಾ, ನಿನ್ನ ಯಾರು ಕೊಯ್ಯಾಕ ಬರ್ತಿದ್ರೋ?" ಎಂದು ಕೇಳಿ, ಚೆಂಡುಹೂವು ತೆಗೆದು ಅವನ ಕಾಲ ಬಳಿ ಇಟ್ಟು, ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿಕೊಂಡರು. ಬಸವಣ್ಣ ಬರೀ ಗೋಡೆಯ ಮುಂದೆ ಉಳಿದ. ಹೊರಗೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಮಗನನ್ನು ಕರೆದು ಅವನ ಕೈಗೆ ಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಅವರು ನಮ್ಮ ಅತ್ತೆಯೇ ಅಲ್ಲ. "ತಡಿ," ಎಂದರು. "ಇಷ್ಟು ವರ್ಷ ದೇವರ ಹಂತ್ಯಾಕ ಇದ್ದದ್ದು. ವಿಭೂತಿ ಹಚ್ಚೀನಿ, ಹೂವು ಏರಿಸೀನಿ. ಈಗ ಇದು ನಿನ್ನ ಕಬ್ಬಿಣ ಅಲ್ಲ. ಯಾರೂ ಚಪ್ಪಲಿ ಮೆಟಗೊಂಡು ಇದನ್ನ ಮುಟ್ಟಬಾರದು. ಮತ್ತ ರಾತ್ರಿ ಎಲ್ಯರ ಬಿಟ್ಟು ಬರೂದಲ್ಲ, ದಿನಾ ಮನಿಗೆ ತರಬೇಕು."

ಗಂಡ ಒಂದೇ ಉಸಿರಿಗೆ ಆಗಲಿ ಎಂದರು. ಜೇಬಿನ ಸ್ಪ್ರಿಂಗು ಕೊನೆಗೂ ತನ್ನ ಜಾಗಕ್ಕೆ ಹೋಯಿತು. ನನಗೋ ಹೊತ್ತ ಭಾರ ಇಳಿಸಿದಷ್ಟು ಹಗುರ. ಅವತ್ತು ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿಂದೆ.

ಫಜೀತಿ ಶುರುವಾದದ್ದು ಆಮೇಲೆ. ಡ್ರೆಸ್ಸಿಂಗ್ ರೂಮಿಗೆ ಒಬ್ಬ ಕುಂಟುತ್ತಾ ಬಂದ. ಅಂಗಾಲಿಗೆ ಮೊಳೆ ಹೊಕ್ಕಿತ್ತು. ತೊಳೆದು, ಧನುರ್ವಾಯುವಿನ ಇಂಜೆಕ್ಷನ್ನು ಕೊಟ್ಟು, ಬೈದು ಕಳಿಸಿದೆ. ಮರುದಿನ ಇನ್ನೊಬ್ಬ ಕುಂಟುತ್ತಾ ಬಂದ. ಅವನದೂ ಮೊಳೆ.

"ಚಪ್ಪಲಿ ಹಾಕ್ಕೊಳ್ಳಾಕ ಏನಾಗೈತಿ ನಿಮಗ? ಸೆಂಟ್ರಿಂಗ್ ಕೆಲಸದಾಗ ಬರಿಗಾಲಿಲೆ ಯಾರರ ಅಡ್ಡಾಡ್ತಾರೇನು?"

ಅವನು ನೆಲ ನೋಡುತ್ತಾ ಹೇಳಿದ. "ನಿಮ್ಮ ಅತ್ತಿಯವರು ಬ್ಯಾಡ ಅಂದಾರಂತ್ರಿ."

ನನ್ನ ಗಂಡ ತಾಯಿಯ ಮಾತನ್ನು ಅಕ್ಷರಶಃ ನಡೆಸಿದ್ದರು. ಮಷಿನ್ನು ಮುಟ್ಟುವವನು ಚಪ್ಪಲಿ ಕಳಚಬೇಕು, ಅದಿರುವ ಜಾಗಕ್ಕೆ ಹಲಗೆ ತರುವವನೂ ಕಳಚಬೇಕು. ಕೆಲಸದವರು ಯಾರೂ ಎದುರು ಮಾತಾಡಿರಲಿಲ್ಲ. ದೇವರ ಮುಚ್ಚಳ ಎಂದರೆ ಯಾರು ಮಾತಾಡುತ್ತಾರೆ? ಹಳೆಯ ಹಲಗೆಯಿಂದ ಕಿತ್ತ ಮೊಳೆಗಳೆಲ್ಲ ಬಾಯಿ ಮೇಲೆ ಮಾಡಿಕೊಂಡು ಬಿದ್ದಿರುವ ನೆಲದಲ್ಲಿ ಬರಿಗಾಲು. ಕೈ ಉಳಿಸಲು ಹೋಗಿ ಕಾಲು ಕಳಕೊಳ್ಳುವ ಹಾಗಾಯಿತಲ್ಲ ಎಂದು ನಾನು ಮನೆಗೆ ಬಂದು ಅತ್ತೆಗೆ ಹೇಳಿದರೆ, ಅವರು ಬಸವಣ್ಣನಿಗೆ ಹೇಳಿದರು: "ಕೇಳಿದ್ಯೇನಪಾ, ದೇವರಿಗೂ ಚಪ್ಪಲಿ ಮೆಟಗೊಂಡು ಬರ್ತಾರಂತ ಇನ್ನ." ಅತ್ತೆ ಜಬರ್ದಸ್ತಿಗೆ ಬಗ್ಗುವ ಆಸಾಮಿಯಲ್ಲ. ನಾನು ಸುಮ್ಮನೆ ಒಂದು ಉಪಾಯ ಮಾಡಿದೆ. ಆರ್.ಎಚ್. ಕ್ಯಾಂಪಿನಲ್ಲಿ ಸ್ಲ್ಯಾಬು ಹಾಕುವ ದಿನ ಹತ್ತಿರವಿತ್ತು. "ಅತ್ತೀ, ಅವತ್ತ ನಿಮ್ಮ ಕೈಯಾರ ಬುತ್ತಿ ಕೊಟ್ಟು ಬರೂಣ್ರಿ," ಎಂದೆ.

ನನಗೆ ರಜೆ ಇತ್ತು. ಇಬ್ಬರೂ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಕಟ್ಟಿಕೊಂಡು ಹೋದೆವು. ಸುತ್ತ ಹಸಿರು ಗದ್ದೆ, ನಡುವೆ ಆ ಅರ್ಧ ಎದ್ದ ಮನೆ. ಹೊರಗೆ ಸಾಲಾಗಿ ಚಪ್ಪಲಿಗಳು, ಗುಡಿಯ ಮುಂದೆ ಬಿಟ್ಟಂತೆ. ಒಳಗೆ ಮೂಲೆಯಲ್ಲಿ ಮಷಿನ್ನು. ಅತ್ತೆ ಅದನ್ನು ಕಂಡವರೇ ಹೊಸ್ತಿಲಲ್ಲಿ ಬಗ್ಗಿ ತಮ್ಮ ಚಪ್ಪಲಿ ಕಳಚಲು ಹೋದರು.

"ಯವ್ವಾ, ಕಳೀಬ್ಯಾಡ ಬೇ, ಮೊಳಿ ಅದಾವ," ಎಂದು ಗಂಡ ಮೇಲಿನಿಂದ ಕೂಗಿದರು.

ಅತ್ತೆ ಒಂದು ಕಾಲು ಎತ್ತಿಕೊಂಡೇ ನಿಂತರು. ನನ್ನ ಭುಜ ಹಿಡಿದುಕೊಂಡು ನೆಲ ನೋಡಿದರು. ಹಲಗೆಯ ಚೂರು, ಮೊಳೆ, ತಂತಿ. ಆಮೇಲೆ ಕೆಲಸದವರ ಬರಿಗಾಲುಗಳನ್ನು ನೋಡಿದರು. ಕುಂಟುತ್ತಿದ್ದ ಒಬ್ಬನನ್ನು ನೋಡಿದರು. ಕೊನೆಗೆ ಮಗನನ್ನು.

"ನನ್ನ ಕಾಲಿಗಿ ಮೊಳಿ ಅದಾವು. ಇವರ ಕಾಲಿಗಿ ಏನು ಹೂವು ಹಾಸೀಯೇನು?"

"ನೀನ ಹೇಳಿದ್ಯಲ್ಲ ಬೇ."

"ನಾ ಹೇಳಿದೆ. ನೀ ನೋಡಿದ್ಯಲ್ಲ, ನಿನಗ ಕಣ್ಣಿಲ್ಲೇನು?"

ಕೆಲಸದವರು ಮುಖ ತಿರುಗಿಸಿ ನಕ್ಕರು. ಅತ್ತೆ ಕಾಲು ಕೆಳಗಿಟ್ಟು, ಚಪ್ಪಲಿಯಲ್ಲೇ ಒಳಗೆ ನಡೆದು, ಮಷಿನ್ನಿನ ಮುಂದೆ ನಿಂತರು. ಬಸವಣ್ಣನ ಜೊತೆ ಮಾತಾಡುವ ದನಿಯಲ್ಲೇ ಅದಕ್ಕೆ ಏನೋ ಹೇಳಿದರು; ನನಗೆ ಪೂರ್ತಿ ಕೇಳಲಿಲ್ಲ, "ಸಿಟ್ಟಾಗಬ್ಯಾಡ" ಎಂಬುದೊಂದು ಕೇಳಿತು. ತಿರುಗಿ ಎಲ್ಲರಿಗೂ ಅಪ್ಪಣೆ ಕೊಡಿಸಿದರು. ಚಪ್ಪಲಿ ಹಾಕಿಕೊಳ್ಳಿರಿ, ಬೂಟಿದ್ದರೆ ಇನ್ನೂ ಛಲೋ. ಆದರೆ ಮಷಿನ್ನನ್ನು ನೆಲಕ್ಕೆ ಇಡಬಾರದು. ಮಣೆ ಕೊಡಬೇಕು. ಕ್ಯಾಂಪಿನ ಆ ಆಳು, ಬೆರಳಿನ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ, ಒಂದೇ ಕೈಯಿಂದ ಚೂರು ಹಲಗೆ ಹುಡುಕಿ ತಂದು ಮಣೆ ಹಾಕಿದ. ಎಲ್ಲರೂ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಊಟಕ್ಕೆ ಕೂತರು.

ಅಂದಿನಿಂದ ನಮ್ಮ ಮನೆಯ ಬೆಳಗಿಗೆ ಒಂದು ಸದ್ದು ಸೇರಿಕೊಂಡಿತು. ಅತ್ತೆ ಬಸವಣ್ಣನ ಪೂಜೆ ಮುಗಿಸಿ, ವಿಭೂತಿಯ ಕೈಯಲ್ಲೇ ಮಷಿನ್ನು ಇಟ್ಟಿರುವ ಪಡಸಾಲೆಗೆ ಬರುತ್ತಾರೆ. ಬ್ಯಾಟರಿಯ ಮಷಿನ್ನಲ್ಲ, ವಯರು ಸುತ್ತಿ ಇಟ್ಟಿರುತ್ತದೆ, ಹೆದರಿಕೆಯಿಲ್ಲ. ಹಿಂದೆ ಚೆಂಡುಹೂವು ಸಿಗಿಸುತ್ತಿದ್ದ ಆ ಹಿಡಿಕೆಯನ್ನು ಬೆರಳಿನಿಂದ ಎಳೆದು ಬಿಡುತ್ತಾರೆ. ಟಕ್. ಸದ್ದು ಸರಿಯಾಗಿ ಬಂದರೆ ಮಗ ಕೆಲಸಕ್ಕೆ ಹೋಗಬಹುದು. ಒಮ್ಮೆ ಮರದ ಹುಡಿ ಕೂತು ಸದ್ದು ಮೆತ್ತಗೆ ಬಂತು. ಗಂಡ ಬೈಕು ಚಾಲೂ ಮಾಡಿ ನಿಂತಿದ್ದರೂ ಇಳಿಸಿ, ಹುಡಿ ತೆಗೆಸಿ, ಟಕ್ ಎನ್ನುವವರೆಗೆ ಬಿಡಲಿಲ್ಲ. ಓಣಿಯ ಹೆಂಗಸರು ಬಂದು "ನಿಮ್ಮ ಬಸವಣ್ಣನ ಪ್ರಭಾವಳಿ ಎಲ್ಲೈತ್ರಿ?" ಎಂದು ಕೇಳಿದರು. ಅತ್ತೆ ತಲೆ ಎತ್ತದೆ ಶೇಂಗಾ ಸುಲಿಯುತ್ತಾ ಹೇಳಿದರು: "ಕೆಲಸಕ್ಕ ಹೋಗೈತಿ. ಸಂಜಿಗೆ ಬರ್ತೈತಿ."

ದಢೇಸುಗೂರಿನ ದಾರಿಯ ಒಂದು ಮನೆಯ ಕೆಲಸ ನಡೆದಿತ್ತು. ಊಟದ ಹೊತ್ತು ಮೀರಿತ್ತು, ನಾನು ಡ್ರೆಸ್ಸಿಂಗ್ ರೂಮಿನಲ್ಲಿ ಹತ್ತಿ ಕತ್ತರಿಸುತ್ತಿದ್ದೆ. ಆಟೋ ಸದ್ದಿಲ್ಲ, ಏನಿಲ್ಲ. ತಲೆ ಎತ್ತಿದರೆ ಗಂಡ ಬಾಗಿಲಲ್ಲಿ ನಿಂತಿದ್ದರು. ಟವೆಲ್ಲು ಹೆಗಲ ಮೇಲೇ ಇತ್ತು. ಪ್ಯಾಂಟು ಮಾತ್ರ ತೊಡೆಯ ಮೇಲೆ ಒಂದೆಡೆ ಹರಿದಿತ್ತು.

"ಮಷಿನ್ ಒದೀತು," ಎಂದರು.

ಕೈ ಹಿಡಿದು ಎಳೆದು ಟೇಬಲ್ಲಿನ ಮೇಲೆ ಮಲಗಿಸಿದೆ. ಹರಿದ ಜಾಗದಿಂದಲೇ ಕತ್ತರಿ ಹಾಕಿ ಬಟ್ಟೆ ಸೀಳಿದೆ. ರಕ್ತ ಎಲ್ಲಿದೆ ಎಂದು ಹುಡುಕಿದೆ. ರಕ್ತ ಇರಲಿಲ್ಲ. ತೊಡೆಯ ಮೇಲೆ ನೀಲಿಯ ಒಂದು ಬಾವು, ದುಂಡಗೆ ಬಾಗಿದ ಗುರುತು. ಅರ್ಧಚಂದ್ರ. ನಾನು ಸೋಮವಾರ ಸೋಮವಾರ ತಿಕ್ಕುತ್ತಿದ್ದ ಅದೇ ಅಂಚು, ಚರ್ಮದ ಮೇಲೆ ಅಚ್ಚೊತ್ತಿತ್ತು. ಮಷಿನ್ನು ಹಾರಿ ಬಂದು ತೊಡೆಗೆ ಬಡಿಯುವಷ್ಟರಲ್ಲಿ ಮುಚ್ಚಳ ಬ್ಲೇಡನ್ನು ಮುಚ್ಚಿಯಾಗಿತ್ತು.

"ಟಕ್ ಅಂದದ್ದು ಕೇಳಿಸ್ತು ನೋಡು," ಎಂದರು ಗಂಡ, ಛತ್ತು ನೋಡುತ್ತಾ.

ಎಷ್ಟೋ ವರ್ಷದ ಕೆಲಸದಲ್ಲಿ ಮೊದಲ ಸಲ, ಮಷಿನ್ನಿನಿಂದ ಒದೆಸಿಕೊಂಡವನೊಬ್ಬ ನನ್ನ ಟೇಬಲ್ಲಿನ ಮೇಲೆ ಮಲಗಿದ್ದಾಗ ನನಗೆ ಕಟ್ಟಲು ಏನೂ ಇರಲಿಲ್ಲ. ಬ್ಯಾಂಡೇಜಿನ ಸುರುಳಿ ಕೈಯಲ್ಲಿ ಹಿಡಿದುಕೊಂಡು ನಗಲೂ ತೊಡಗಿದೆ, ಅಳಲೂ ತೊಡಗಿದೆ. ಆಮೇಲೆ ಬೈದೆ ಕೂಡ, ಹಲಗೆ ಬಗ್ಗುವ ಹಾಗೆ ಯಾಕೆ ಇಟ್ಟಿರಿ, ಎರಡೂ ಕಡೆ ಆಸರೆ ಕೊಡಲು ಏನಾಗಿತ್ತು ಎಂದು. ಡಾಕ್ಟರು ಹೊರಗೆ ಕಾದು ನಿಂತಿದ್ದರು.

ಮನೆಯಲ್ಲಿ ಅತ್ತೆ ಆ ಗುರುತನ್ನು ನೋಡಿಯೇ ನೋಡುತ್ತೇನೆ ಎಂದು ಹಟ ಹಿಡಿದರು. ಮಗ ನಾಚಿಕೊಂಡರೆ "ನಾ ನೋಡಲಾರದ್ದು ಏನೈತೋ" ಎಂದು ಲುಂಗಿ ಸರಿಸಿದರು. ಬಾವಿನ ಅಂಚಿನುದ್ದಕ್ಕೂ ಬೆರಳಾಡಿಸಿ, ಅದರ ಸುತ್ತ ವಿಭೂತಿ ಹಚ್ಚಿದರು.

ಆ ಮನೆಯ ಕೆಲಸ ಮುಗಿದ ಮೇಲೆ ಗಂಡ ಲಿಂಗಸುಗೂರಿಗೆ ಹೋಗಿ ನಿಜವಾದ ಪ್ರಭಾವಳಿಯೊಂದನ್ನು ಮಾಡಿಸಿಕೊಂಡು ಬಂದರು. ಈ ಸಲ ಸುಳ್ಳಿಲ್ಲ, ಬಸವಣ್ಣನ ಅಳತೆ ಒಯ್ದು, ಹೇಳಿ ಮಾಡಿಸಿದ್ದು. ಹಿತ್ತಾಳೆಯದು, ಅಂಚಿಗೆ ಬಳ್ಳಿ, ನೆತ್ತಿಗೆ ಸಿಂಹದ ಮುಖ. ನಾನೇ ಬಾಯಿ ಬಿಟ್ಟು ನೋಡಿದೆ. ಅತ್ತೆ ಅದನ್ನು ಕೈಗೆ ತಗೊಂಡು, ಹಿಂದೆ ಮುಂದೆ ತಿರುಗಿಸಿ, ಛಲೋ ಐತಿ ಎಂದರು. ಆಮೇಲೆ ಅದರ ಅಂಚನ್ನು ಬೆರಳಿನಿಂದ ಒಮ್ಮೆ ಎಳೆದು ಬಿಟ್ಟು, ಕಿವಿ ಹತ್ತಿರ ತಂದು ಕಾದರು.

"ಇದು ಟಕ್ ಅನ್ನಂಗಿಲ್ಲಲ್ಲೋ," ಎಂದು ಹೇಳಿ, ಸೀರೆಯ ಚೂರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು.